ಮಳೆಯಲ್ಲೂ ಹೊತ್ತಬೇಕು: ನಳಿಗೆ ಬಾಯಿಂದ ಮದ್ದು ತುಂಬುವ ರೈಫಲ್‌ಗೆ ಯಾವ ಕಿಡಿ?

ಮೂಡಿಗೆರೆ, ಸಕಲೇಶಪುರದ ಹಳೇ ತೋಟದ ಮನೆಗಳಿಗೆ ಕೇಪಿನ (ಏಟಿಗೆ ಸಿಡಿದು ಕಿಡಿ ಕೊಡುವ ಪುಟ್ಟ ಟೋಪಿ) ಕೋವಿ ಹೊಸದಲ್ಲ. ಬೆಳೆ ಕಾಯುವುದಕ್ಕೆ ಲೈಸೆನ್ಸ್ ಕೊಡುವ ಮಾತು ಬಂದಾಗ 1959ರ ಶಸ್ತ್ರಾಸ್ತ್ರ ಕಾಯ್ದೆ ಬಾಯಿಂದ ಮದ್ದು ತುಂಬುವ ಕೋವಿಯನ್ನೇ ಹೆಸರಿಸಿದೆ. ಆದರೆ ಶಿಕಾರಿಗೆ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಲ್ಲಿ ಅದು ಅಪರಾಧ. ಅಮೆರಿಕದ ಕಥೆ ಬೇರೆ. ಅಲ್ಲಿ ಜಿಂಕೆ ಬೇಟೆಗೆ ಇಂಥ ರೈಫಲ್‌ಗಳಿಗೆಂದೇ ಪ್ರತ್ಯೇಕ ಸೀಸನ್ ಇಡುತ್ತಾರೆ. ಅಲ್ಲಿ ನೆಲೆಸಿದ ನಮ್ಮ ಕಡೆಯ ಹುಡುಗರು ರಜೆಗೆ ಬಂದಾಗ, 'ಮಾವ, ಯಾವುದು ತಗೊಳ್ಳಲಿ?' ಅಂತ ಕೇಳುತ್ತಾರೆ. ಅವರಿಗಾಗಿ ಇದು. ಕಿಡಿ ಹೊತ್ತಿಸುವ ಬಗೆ ಮೂರು: ಚಕಮಕಿ, ಕೇಪು, ಇನ್‌ಲೈನ್.

ಮೊದಲು ನಿಮ್ಮ ರಾಜ್ಯದ ನಿಯಮ ಓದಿ, ಆಮೇಲೆ ಅಂಗಡಿ. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಮರುದಿನದ ಹೊತ್ತಿಗೆ ಶುರುವಾಗುವ ಸೀಸನ್‌ಗೆ ಚಕಮಕಿ ಕಲ್ಲಿನ ಕೋವಿಯೇ ಬೇಕು. ಐಡಾಹೊದಲ್ಲಿ ಈ ಕೋವಿಗಳಿಗೆಂದೇ ಇಟ್ಟ ಸೀಸನ್‌ಗೆ ಕುದುರೆಯೂ (ಕುದುರೆ ಎಂದರೆ ಬಿಲ್ಲು ಎಳೆದಾಗ ಬಡಿಯುವ ಸುತ್ತಿಗೆಯಂಥ ಭಾಗ) ಕಿಡಿ ಹೊತ್ತುವ ಜಾಗವೂ ಹೊರಗೆ ಕಾಣಬೇಕು, ಶಾಟ್‌ಗನ್ ತೋಟೆಗೆ ಕಿಡಿ ಕೊಡುವ 209 ಪ್ರೈಮರ್ ಬಳಸುವಂತಿಲ್ಲ. ನಿಯಮ ಬದಲಾಗುತ್ತಲೇ ಇರುತ್ತದೆ, ಆ ವರ್ಷದ್ದನ್ನೇ ನೋಡಿ.

ಚಕಮಕಿಯಲ್ಲಿ ಕೆಲಸವೆಲ್ಲ ಕಣ್ಣೆದುರೇ ನಡೆಯುತ್ತದೆ. ಕುದುರೆಯ ಬಾಯಲ್ಲಿ ಚರ್ಮ ಸುತ್ತಿ ಕಚ್ಚಿಸಿದ ಕಲ್ಲು ಇರುತ್ತದೆ. ಅದು ಉಕ್ಕಿನ ತಟ್ಟೆಗೆ ಉಜ್ಜಿ ಕಿಡಿ ಹಾರಿಸುತ್ತದೆ. ಕಿಡಿ ಪಕ್ಕದ ಪುಟ್ಟ ಬಟ್ಟಲಿನ ನುಣ್ಣನೆ ಮದ್ದಿಗೆ ಬೀಳುತ್ತದೆ. ಆ ಉರಿ ಸಣ್ಣ ತೂತಿನಿಂದ ಒಳಗಿನ ಮದ್ದಿಗೆ ದಾಟುತ್ತದೆ. ಇಷ್ಟಾಗುವಷ್ಟರಲ್ಲಿ ಕಣ್ಣೆದುರು ಬೆಂಕಿ ಎದ್ದಿರುತ್ತದೆ. ಗುರಿ ಅಲುಗಿಸದೆ ನಿಲ್ಲುವುದೇ ಇಲ್ಲಿಯ ವಿದ್ಯೆ. ಕಲ್ಲಿನ ಅಂಚು ಮೊಂಡಾದರೆ ಕಿಡಿ ಇಲ್ಲ. ಬಟ್ಟಲಿಗೆ ತೇವ ತಾಗಿದರೆ ಮುಗಿಯಿತು, ನಮ್ಮ ಆಷಾಢದಂಥ ಹವೆಯಲ್ಲಂತೂ ಕೇಳಲೇಬೇಡಿ. ಒಳಗೆ ಹಾಕುವುದೂ ಅಸಲಿ ಕರಿಮದ್ದೇ ಆಗಬೇಕು. ಪೈರೋಡೆಕ್ಸ್‌ನಂಥ ಬದಲಿ ಮದ್ದು ಹೊತ್ತಲು ಜಾಸ್ತಿ ಕಾವು ಕೇಳುತ್ತದೆ. ಪ್ರೀತಿಯಿದ್ದರೆ, ಇಲ್ಲವೇ ನಿಯಮ ಹೇಳಿದರೆ ಮಾತ್ರ ಇದನ್ನು ಕೊಳ್ಳಿ.

ಕೇಪು ಹುಟ್ಟಿದ್ದೇ ಈ ಕಿರಿಕಿರಿಯಿಂದ. ಬಟ್ಟಲಿನ ಬೆಂಕಿ ನೋಡಿ ಹಕ್ಕಿಗಳು ಹಾರಿಹೋಗುತ್ತವೆಂದು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಏಟಿಗೆ ಸಿಡಿಯುವ ಮದ್ದಿನ ಹಿಂದೆ ಬಿದ್ದ. 1807ರಲ್ಲಿ ಪೇಟೆಂಟ್ ಪಡೆದ. ತಾಮ್ರದ ಟೋಪಿಯಂಥ ಕೇಪು ಬಂದದ್ದು ಆಮೇಲೆ. ಈಗ ಸಾಮಾನ್ಯವಾಗಿ ಸಿಗುವುದು 11ನೇ ನಂಬರಿನದು. ಚಳಿಗೆ ಮರಗಟ್ಟಿದ ಬೆರಳಿಗೆ ಇದು ಸಿಗುವುದೇ ಕಷ್ಟ, ಕೇಪು ಕೂರಿಸುವ ಸಾಧನ ಜೊತೆಗಿರಲಿ. ಇನ್ನೂ ಬಿಸಿ ಕಿಡಿ ಬೇಕೇ? ಹಲವು ರೈಫಲ್‌ಗಳಲ್ಲಿ ನಿಪ್ಪಲ್ (ಕೇಪು ಕೂರುವ ಪುಟ್ಟ ಕೊಳವೆ) ಬದಲಿಸಿ ದೊಡ್ಡ ಮಸ್ಕೆಟ್ ಕೇಪು ಹಾಕಬಹುದು. ನನ್ನ ಓಟು ಇದಕ್ಕೇ. ನಿಯಮದ ತೊಡಕು ಕಡಿಮೆ, ರಿಪೇರಿಯೂ ಸುಲಭ.

ಮೂರನೆಯದು ಇನ್‌ಲೈನ್. ಅಮೆರಿಕದ ಕೋವಿ ತಯಾರಕ ಟೋನಿ ನೈಟ್ 1985ರಲ್ಲಿ ತಂದ ಎಂಕೆ-85 ರೈಫಲ್‌ನಿಂದ ಇದು ಜನಪ್ರಿಯವಾಯಿತು. ಇಲ್ಲಿ ಕಿಡಿ ಮದ್ದಿನ ನೇರ ಹಿಂದೆ. ಈಗಿನವಕ್ಕೆ ಹೆಚ್ಚಾಗಿ ಶಾಟ್‌ಗನ್ ತೋಟೆಯ 209 ಪ್ರೈಮರ್. ಮಳೆಗೆ ಇದೇ ಗಟ್ಟಿಗ, ಬದಲಿ ಮದ್ದಿಗೂ ಸೈ. ರಾಜ್ಯ ಒಪ್ಪಿದರೆ ಹೊಸಬರಿಗೆ ಇದು ಸಲೀಸು. ನೋಡಲು ಸ್ವಲ್ಪ ಸಪ್ಪೆ, ಅಷ್ಟೆ.

ಯಾವುದನ್ನೇ ತನ್ನಿ, ಹೊತ್ತದೇ ಹೋಗುವುದಕ್ಕೆ ಎಷ್ಟೋ ಸಲ ಒಳಗಿನ ಎಣ್ಣೆಯೋ ತೇವವೋ ಕಾರಣ. ಕೇಪಿನದಾದರೆ ಮದ್ದು ತುಂಬುವ ಮುಂಚೆ ನಳಿಗೆ ಖಾಲಿಯಿದೆ ಎಂದು ಖಚಿತ ಮಾಡಿಕೊಂಡು, ಸುರಕ್ಷಿತ ದಿಕ್ಕಿಗೆ ಹಿಡಿದು ಬರೀ ಕೇಪು ಹೊಡೆಯಿರಿ. ಕಿಡಿ ಹೋಗುವ ದಾರಿ ಶುಚಿಯಾಗುತ್ತದೆ. ಕರಿಮದ್ದಿನ ಮಸಿ ತೇವ ಎಳೆದು ತುಕ್ಕು ಹಿಡಿಸುತ್ತದೆ, ಅವತ್ತೇ ಬಿಸಿನೀರು, ಸೋಪು ಹಾಕಿ ತೊಳೆದು ಒಣಗಿಸಿ. ಊರಿನ ಹಳೇ ಕೋವಿಯ ಮೇಲೆ ಮಾತ್ರ ನಿಪ್ಪಲ್ ಬದಲಿಸುವಂಥ ಮಾರ್ಪಾಡುಗಳನ್ನು ಮಾಡಲು ಹೋಗಬೇಡಿ. ಲೈಸೆನ್ಸ್ ಇಲ್ಲದೆ ಕೋವಿ ಮಾರ್ಪಡಿಸುವುದು ಅಪರಾಧ.

ಕುದುರೆ ಬಿದ್ದರೂ ಈಡು ಹಾರದಿದ್ದರೆ ಗಡಿಬಿಡಿ ಬೇಡ. ಒಳಗೆ ಮದ್ದು ತಡವಾಗಿ ಹೊತ್ತಬಹುದು. ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ 1 ನಿಮಿಷ ಕಾಯಿರಿ. ಆಮೇಲಷ್ಟೇ ಹೊಸ ಕೇಪಿಗೆ ಕೈ ಹಾಕಿ.