"2 ನ್ಯಾನೋಮೀಟರ್ ಚಿಪ್ ಬಂತು!" ಅಂತ ಸುದ್ದಿ ಕಂಡ್ರೆ ಅದನ್ನ ಓದೋದು ಹೇಗೆ

ಮೊಬೈಲ್ ಚಿಪ್ ಸುದ್ದಿಗಳೆಲ್ಲಾ ಒಂದೇ ಅಚ್ಚಲ್ಲಿ ಬರ್ತವೆ. ಯಾವುದೋ ಕಂಪನಿ ಏನೋ ಘೋಷಣೆ ಮಾಡುತ್ತೆ, ಅದ್ರಲ್ಲಿರೋ ಅತಿ ದೊಡ್ಡ ನಂಬರ್ ಹೆಡ್‌ಲೈನಿಗೆ ಹೋಗುತ್ತೆ, ಬೆರಳ ತುದೀಲಿ ಚಿಪ್ ಇಟ್ಕೊಂಡಿರೋ ಫೋಟೋ ಒಂದು, "ಇನ್ಮುಂದೆ ಚಾರ್ಜರ್ ಮರೆತುಬಿಡಿ" ಅನ್ನೋ ಸಾಲೊಂದು, ಅಲ್ಲಿಗೆ ಮುಗೀತು. ಎಷ್ಟೋ ಸಲ ನಂಬರ್ ಸುಳ್ಳಾಗಿರಲ್ಲ, ಅದೇ ತಮಾಷೆ. ನಂಬರ್ ಜೊತೆ ಇದ್ದ ಅರ್ಧ ವಾಕ್ಯ ಮಾತ್ರ ದಾರೀಲಿ ಉದುರಿಹೋಗಿರುತ್ತೆ, ಅಂದ್ರೆ ಯಾವುದಕ್ಕೆ ಹೋಲಿಸಿದ್ರೆ, ಯಾವ ಷರತ್ತಲ್ಲಿ, ಫೋನಿನ ಯಾವ ಭಾಗಕ್ಕೆ ಅನ್ನೋದು. ಆ ಅರ್ಧ ವಾಕ್ಯನ ಹುಡುಕಿ ತಂದು ವಾಪಸ್ ಅಂಟಿಸೋದು ಹೇಗೆ ಅಂತ ಬರೀತಿದೀನಿ, ಇದಕ್ಕೆ ಇಂಜಿನಿಯರಿಂಗ್ ಏನೂ ಓದಿರ್ಬೇಕಾಗಿಲ್ಲ.

ಮೊದಲು ಕಂಪನಿದೇ ಪ್ರೆಸ್ ನೋಟ್ ತೆಗೀರಿ. ಕಂಪನಿ ಹೆಸರು, ನ್ಯಾನೋಮೀಟರ್ ನಂಬರ್, ವರ್ಷ ಹಾಕಿ ಸರ್ಚ್ ಮಾಡಿದ್ರೆ ಸಿಗುತ್ತೆ. ಓದೋವಾಗ ಮೇಲಿಂದ ಶುರು ಮಾಡ್ಬೇಡಿ, ಕೆಳಗಡೆ ಸಣ್ಣಕ್ಷರದ ಅಡಿಟಿಪ್ಪಣಿ ಇದ್ರೆ ಅಲ್ಲಿಂದ ಶುರು ಮಾಡಿ, ಲಾಯರ್‌ಗಳು ಒತ್ತಾಯ ಮಾಡಿ ಬರೆಸಿರೋ ಸತ್ಯ ಎಲ್ಲಾ ಅಲ್ಲೇ ಇರೋದು.

ಇದಕ್ಕೆ ಐಬಿಎಂ ಕಥೆಗಿಂತ ಒಳ್ಳೆ ಪಾಠ ಇಲ್ಲ. 2021ರ ಮೇ ತಿಂಗಳಲ್ಲಿ ಐಬಿಎಂನೋರು ಜಗತ್ತಿನ ಮೊದಲ 2 ನ್ಯಾನೋಮೀಟರ್ ಚಿಪ್ ಅಂತ ತೋರಿಸಿದ್ರು, ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿರೋ ರಿಸರ್ಚ್ ಲ್ಯಾಬಲ್ಲಿ ಮಾಡಿದ್ದು. ಉಗುರಿನಷ್ಟು ಜಾಗದಲ್ಲಿ 5000 ಕೋಟಿ ಟ್ರಾನ್ಸಿಸ್ಟರ್ (ಕರೆಂಟನ್ನ ಆನ್-ಆಫ್ ಮಾಡೋ ಪುಟಾಣಿ ಸ್ವಿಚ್), ಒಂದಾ 45 ಪರ್ಸೆಂಟ್ ಜಾಸ್ತಿ ಕೆಲಸ, ಇಲ್ಲಾಂದ್ರೆ 75 ಪರ್ಸೆಂಟ್ ಕಮ್ಮಿ ಕರೆಂಟು. ಜೊತೆಗೆ ಫೋನ್ ಬ್ಯಾಟರಿ ನಾಲ್ಕು ಪಟ್ಟು ಬಾಳುತ್ತೆ, ನಾಲ್ಕು ದಿನಕ್ಕೊಂದ್ಸಲ ಚಾರ್ಜ್ ಮಾಡಿದ್ರೆ ಸಾಕು ಅಂತಾನೂ ಅವರೇ ಬರೆದಿದ್ರು. ಜಗತ್ತಿನ ಟೆಕ್ ಸೈಟುಗಳು ಈ ಕೊನೇ ಸಾಲನ್ನೇ ಎತ್ಕೊಂಡು ಓಡಿದ್ವು, ಹಾಗಾಗಿ ಇಲ್ಲಿ ತಪ್ಪು ಪತ್ರಕರ್ತರದ್ದು ಮಾತ್ರ ಅಲ್ಲ, ಅಡುಗೆ ಮಾಡಿ ಬಡಿಸಿದ್ದೇ ಕಂಪನಿ.

ಈಗ ಉದುರಿಹೋದ ತುಂಡುಗಳನ್ನ ಆರಿಸೋಣ. ಆ 75 ಪರ್ಸೆಂಟ್ ಅನ್ನೋದು 7 ನ್ಯಾನೋಮೀಟರ್ ಚಿಪ್‌ಗೆ ಹೋಲಿಸಿ ಹೇಳಿದ್ದು. ಆದ್ರೆ 2020ರ ಅಕ್ಟೋಬರಲ್ಲೇ 5 ನ್ಯಾನೋಮೀಟರ್ ಚಿಪ್ ಐಫೋನ್ 12ರ ಒಳಗೆ ಜನರ ಜೇಬಿಗೆ ಬಂದಾಗಿತ್ತು. ಹಳೇ ಮಾಲಿಗೆ ಹೋಲಿಸಿದ್ರೆ ಹೊಸದು ಯಾವಾಗ್ಲೂ ಚೆನ್ನಾಗೇ ಕಾಣುತ್ತೆ ಬಿಡಿ. ಆಮೇಲೆ ಲೆಕ್ಕ ನೋಡಿ. 75 ಪರ್ಸೆಂಟ್ ಕಮ್ಮಿ ಅಂದ್ರೆ ನಾಲ್ಕನೇ ಒಂದು ಭಾಗ, ಹಾಗಾಗಿ ನಾಲ್ಕು ಪಟ್ಟು ಬ್ಯಾಟರಿ ಅಂತ ಮಾಡಿದಾರೆ, ಆದ್ರೆ ಫೋನಲ್ಲಿ ಕರೆಂಟ್ ತಿನ್ನೋದು ಪ್ರೊಸೆಸರ್ ಒಂದೇನಾ? ಡಿಸ್‌ಪ್ಲೇ ಇದೆ, ಟವರ್ ಜೊತೆ ಮಾತಾಡೋ ರೇಡಿಯೋ ಇದೆ, ಕ್ಯಾಮೆರಾ, ಸ್ಪೀಕರ್, ಜಿಪಿಎಸ್. ಸುಮ್ನೆ ಲೆಕ್ಕಕ್ಕೆ ಇಟ್ಕೊಳ್ಳಿ, ಫೋನ್ ಬಳಸೋ 100 ಯೂನಿಟ್ಟಲ್ಲಿ ಪ್ರೊಸೆಸರ್ ಪಾಲು 30. ಅದ್ರಲ್ಲಿ 75 ಪರ್ಸೆಂಟ್ ಉಳಿದ್ರೆ 30 ಹೋಗಿ 7.5 ಆಯ್ತು, ಬಾಕಿ 70 ಹಾಗೇ ಇರುತ್ತೆ, ಒಟ್ಟು 77.5. ಅಂದ್ರೆ ಒಂದು ದಿನ ಬರ್ತಿದ್ದ ಬ್ಯಾಟರಿ ಒಂದೂಕಾಲು ದಿನದ ಮೇಲೆ ಒಂಚೂರು ಬರುತ್ತೆ. ಒಳ್ಳೇದೇ, ಬೇಡ ಅನ್ನಲ್ಲ, ಆದ್ರೆ ನಾಲ್ಕು ದಿನ ಎಲ್ಲಿ? ಈ ಲೆಕ್ಕನ ಯಾವ ಬ್ಯಾಟರಿ ಸುದ್ದಿಗೆ ಬೇಕಾದ್ರೂ ಹಾಕಬಹುದು, 30ರ ಬದಲು 20 ಹಾಕಿ, 50 ಹಾಕಿ, ಹೆಡ್‌ಲೈನ್ ಕರಗೋದು ನಿಮಗೇ ಕಾಣುತ್ತೆ.

ಇನ್ನೂ ಒಂದಿದೆ, ಆಗ ಐಬಿಎಂ ಹತ್ರ ಕೋಟಿಗಟ್ಟಲೆ ಚಿಪ್ ಮಾಡೋ ಸ್ವಂತ ಫ್ಯಾಕ್ಟರಿನೇ ಇರ್ಲಿಲ್ಲ. 2014ರಲ್ಲಿ ತಮ್ಮ ಚಿಪ್ ತಯಾರಿಕೆ ವಿಭಾಗನ ಗ್ಲೋಬಲ್‌ಫೌಂಡ್ರೀಸ್‌ಗೆ ಕೊಡೋ ಒಪ್ಪಂದ ಮಾಡ್ಕೊಂಡಿದ್ರು, ಅದೂ ಕೈಯಿಂದ 150 ಕೋಟಿ ಡಾಲರ್ ಕೊಟ್ಟು. ಐಬಿಎಂ ತಂತ್ರಜ್ಞಾನ ತಗೊಂಡು 2 ನ್ಯಾನೋಮೀಟರ್ ಮಾಡ್ತೀವಿ ಅಂತ ಹೊರಟ ಜಪಾನಿನ ರ‍್ಯಾಪಿಡಸ್ ಕಂಪನಿ ಇಟ್ಕೊಂಡ ಗುರಿ 2027. ಅಂದ್ರೆ "ಬಂತು" ಅಂತ ಓದಿದ್ದಕ್ಕೂ ನಿಜವಾಗ್ಲೂ ಬರೋದಕ್ಕೂ ಆರು ವರ್ಷ.

ಸರಿ, ಈ ನ್ಯಾನೋಮೀಟರ್ ಅನ್ನೋದೇ ಏನು? ಅಳತೆಯಾಗಿ ನೋಡಿದ್ರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. 1990ರ ದಶಕದ ಮಧ್ಯದವರೆಗೂ ಆ ನಂಬರಿಗೂ ಟ್ರಾನ್ಸಿಸ್ಟರಿನ ಒಳಗಿನ ನಿಜವಾದ ಅಳತೆಗೂ ಸಂಬಂಧ ಇತ್ತು, ಆಮೇಲೆ ಅದು ಬರೀ ಹೆಸರಾಯ್ತು. ಇಂಜಿನಿಯರ್‌ಗಳ ಸಂಸ್ಥೆ ಐಇಇಇ ಹೊರತರೋ ಉದ್ಯಮದ ಮುನ್ನೋಟದ 2021ರ ಪಟ್ಟಿ ತೆಗೆದು ನೋಡಿ, "3 ನ್ಯಾನೋಮೀಟರ್" ಅನ್ನೋ ಸಾಲಲ್ಲಿ ಒಂದು ಗೇಟಿಂದ (ಟ್ರಾನ್ಸಿಸ್ಟರನ್ನ ಆನ್-ಆಫ್ ಮಾಡೋ ಭಾಗ) ಪಕ್ಕದ ಗೇಟಿಗೆ 48 ನ್ಯಾನೋಮೀಟರ್, ಅತಿ ಹತ್ತಿರದ ಲೋಹದ ತಂತಿಗಳ ನಡುವೆ 24 ನ್ಯಾನೋಮೀಟರ್ ಅಂತ ಇದೆ. 3 ಅನ್ನೋ ಅಳತೆ ಎಲ್ಲೂ ಇಲ್ಲ. ಹಾಗಾಗಿ "ಕೂದಲಿಗಿಂತ ಇಷ್ಟು ಸಾವಿರ ಪಟ್ಟು ಸಣ್ಣ, ಹತ್ತು ಪರಮಾಣು ಅಗಲದ ಚಿಪ್" ಅಂತ ಗ್ರಾಫಿಕ್ಸ್ ಹಾಕಿ ತೋರಿಸೋ ವಿಡಿಯೋನ ಅಲ್ಲಿಗೇ ಬಂದ್ ಮಾಡಬಹುದು. ಇಂಟೆಲ್ ಅಂತೂ 2021ರ ಜುಲೈನಲ್ಲಿ ತಾನು ಅಲ್ಲಿವರೆಗೂ 10 ನ್ಯಾನೋಮೀಟರ್ ಅಂತ ಕರೀತಿದ್ದ ಪ್ರಕ್ರಿಯೆಯ ಸುಧಾರಿತ ರೂಪಕ್ಕೆ "ಇಂಟೆಲ್ 7" ಅಂತ ಹೆಸರಿಟ್ಟಿತು, 7 ಅಂತಿದ್ದದ್ದು "ಇಂಟೆಲ್ 4" ಆಯ್ತು. ಬೇರೆಯವರ 7ಕ್ಕೆ ನಮ್ಮ 10 ಸಮ ಇದೆ ಅನ್ನೋದು ಅವರ ವಾದ, ಅದ್ರಲ್ಲಿ ಹುರುಳಿಲ್ಲ ಅಂತಾನೂ ಅಲ್ಲ.

ಇದು ಅಂಗಿ ಸೈಜಿನ ಥರ, ಒಂದು ಬ್ರ್ಯಾಂಡಿನ ಎಲ್ ಇನ್ನೊಂದು ಬ್ರ್ಯಾಂಡಿನ ಎಲ್ ಆಗಲ್ಲ. ಕ್ವಾಲ್‌ಕಾಮ್ ಕಂಪನಿಯ ಫೋನ್ ಚಿಪ್ ಸ್ನ್ಯಾಪ್‌ಡ್ರಾಗನ್ 8 ಜೆನ್ 1 ಸ್ಯಾಮ್‌ಸಂಗಿನ 4 ನ್ಯಾನೋಮೀಟರಲ್ಲಿ ಬಂತು, ಬಿಸಿ ಆಗೋದ್ರಲ್ಲಿ ಹೆಸರು ಮಾಡ್ತು. 2022ರ ಮೇನಲ್ಲಿ ಕ್ವಾಲ್‌ಕಾಮ್ ಹೆಚ್ಚುಕಮ್ಮಿ ಅದೇ ಡಿಸೈನನ್ನ ಬೇರೆಯವರಿಗೆ ಚಿಪ್ ಮಾಡಿಕೊಡೋ ತೈವಾನಿನ ಟಿಎಸ್‌ಎಂಸಿಯ 4 ನ್ಯಾನೋಮೀಟರಿಗೆ ತಗೊಂಡುಹೋಗಿ 8 ಪ್ಲಸ್ ಜೆನ್ 1 ಅಂತ ಬಿಟ್ಟು, ಸಿಪಿಯು (ಮುಖ್ಯ ಲೆಕ್ಕದ ಭಾಗ), ಜಿಪಿಯು (ಚಿತ್ರ ಮೂಡಿಸೋ ಭಾಗ) ಎರಡೂ 30 ಪರ್ಸೆಂಟ್‌ವರೆಗೆ ಕರೆಂಟ್ ಉಳಿಸ್ತವೆ ಅಂತು. ಎರಡು ಚಿಪ್ಪಿನ ಮೇಲೂ ಬರೆದಿರೋದು 4. ನಂಬರ್ ಇಟ್ಕೊಂಡು "ಅದಕ್ಕಿಂತ ಇದು ಮುಂದೆ" ಅಂತ ಯಾರಾದ್ರೂ ವಾದ ಮಾಡಿದ್ರೆ ಈ ಒಂದು ಉದಾಹರಣೆ ಸಾಕು.

ಮುಂದಿನದು "ಅಥವಾ". ಐಬಿಎಂ ವಾಕ್ಯದಲ್ಲಿ "ಒಂದಾ ಇದು, ಇಲ್ಲಾ ಅದು" ಅಂತ ಇತ್ತಲ್ಲ, ಟಿಎಸ್‌ಎಂಸಿದೂ ಹಾಗೇ. 5ರಿಂದ 3 ನ್ಯಾನೋಮೀಟರಿಗೆ ಹೋದಾಗ ಅವರು ಹೇಳಿದ್ದು: ಅಷ್ಟೇ ಕರೆಂಟಲ್ಲಿ 10ರಿಂದ 15 ಪರ್ಸೆಂಟ್ ಜಾಸ್ತಿ ಸ್ಪೀಡ್, ಅಥವಾ ಅಷ್ಟೇ ಸ್ಪೀಡಲ್ಲಿ 25ರಿಂದ 30 ಪರ್ಸೆಂಟ್ ಕಮ್ಮಿ ಕರೆಂಟ್. ಸುದ್ದಿಗೆ ಬರೋ ಹೊತ್ತಿಗೆ ಅದು "15 ಪರ್ಸೆಂಟ್ ವೇಗ, ಜೊತೆಗೆ 30 ಪರ್ಸೆಂಟ್ ಉಳಿತಾಯ" ಆಗಿರುತ್ತೆ. ಎರಡೂ ಪೂರ್ತಿ ಒಟ್ಟಿಗೆ ಸಿಗಲ್ಲ. ಸಿಕ್ಕ ಲಾಭನ ಕ್ಲಾಕ್ ಸ್ಪೀಡ್ ಏರಿಸಿ ಖರ್ಚು ಮಾಡ್ತೀರೋ, ವೋಲ್ಟೇಜ್ ಇಳಿಸಿ ಉಳಿಸ್ತೀರೋ ಅನ್ನೋದು ಫೋನ್ ಕಂಪನಿ ಮಾಡೋ ತೀರ್ಮಾನ, ಮಾರೋದಕ್ಕೆ ಸುಲಭ ಅಂತ ಬಹಳ ಜನ ಸ್ಪೀಡ್ ಕಡೆಗೇ ವಾಲ್ತಾರೆ. 2023ರ ಸೆಪ್ಟೆಂಬರಲ್ಲಿ ಐಫೋನ್ 15 ಪ್ರೋ ಒಳಗೆ ಆ 3 ನ್ಯಾನೋಮೀಟರಿನ ಎ17 ಪ್ರೋ ಬಂದಾಗ ಆಪಲ್ಲೇ ಹೇಳ್ಕೊಂಡಿದ್ದು ಸಿಪಿಯು 10 ಪರ್ಸೆಂಟ್‌ವರೆಗೆ ವೇಗ ಅಂತ. ಅದ್ರಲ್ಲೂ ಹೊಸ ಡಿಸೈನಿನ ಪಾಲು ಎಷ್ಟು, ಹೊಸ ತಯಾರಿಕೆ ಪಾಲು ಎಷ್ಟು ಅಂತ ಬಿಡಿಸಿ ಹೇಳಿಲ್ಲ.

"ಟ್ರಾನ್ಸಿಸ್ಟರ್ ಸಾಂದ್ರತೆ 1.6 ಪಟ್ಟು" ಅನ್ನೋದೂ ಹಿಂಗೇ, ಅದು ಲೆಕ್ಕ ಮಾಡೋ ಲಾಜಿಕ್ ಭಾಗಕ್ಕೆ ಮಾತ್ರ. ಚಿಪ್ ಒಳಗೇ ಇರೋ ಮೆಮೊರಿ, ಎಸ್‌ರ‍್ಯಾಮ್ ಅಂತಾರೆ, ಅದು ಕುಗ್ಗೋದು ನಿಂತೇಹೋಗಿದೆ. ಟಿಎಸ್‌ಎಂಸಿಯ 3 ನ್ಯಾನೋಮೀಟರಿನ ಒಂದು ರೂಪವಾದ ಎನ್3ಇಯಲ್ಲಿ ಒಂದು ಎಸ್‌ರ‍್ಯಾಮ್ ಸೆಲ್ 0.021 ಚದರ ಮೈಕ್ರೋಮೀಟರ್, ಹಿಂದಿನ 5 ನ್ಯಾನೋಮೀಟರಲ್ಲೂ ಅಷ್ಟೇ ಇತ್ತು. ಅನಲಾಗ್ ಸರ್ಕ್ಯೂಟುಗಳದ್ದೂ ಹೆಚ್ಚುಕಮ್ಮಿ ಅದೇ ಕಥೆ, ಹಂಗಾಗಿ ಪೂರ್ತಿ ಚಿಪ್ 1.6 ಪಟ್ಟು ಕುಗ್ಗಲ್ಲ.

ಇನ್ನು ಯಾವ ಹಂತದ ಸುದ್ದಿ ಅಂತ ನೋಡ್ಕೊಳ್ಳಿ. ಲ್ಯಾಬಲ್ಲಿ ಒಂದು ಟ್ರಾನ್ಸಿಸ್ಟರ್ ಕೆಲಸ ಮಾಡೋದು, ಒಂದು ಟೆಸ್ಟ್ ಚಿಪ್ ಬರೋದು, ಫ್ಯಾಕ್ಟರೀಲಿ ಸಾಮೂಹಿಕ ಉತ್ಪಾದನೆ ಶುರುವಾಗೋದು, ಅಂಗಡೀಲಿ ಫೋನ್ ಸಿಗೋದು, ಇವೆಲ್ಲಾ ಬೇರೆ ಬೇರೆ, ಮಧ್ಯೆ ವರ್ಷಗಳೇ ಇರ್ತವೆ. ಈಗ ಬಹುಪಾಲು ಫೋನಲ್ಲಿರೋ ಫಿನ್‌ಫೆಟ್ ಅನ್ನೋ ಬಗೆಯ ಟ್ರಾನ್ಸಿಸ್ಟರನ್ನ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಚೆನ್‌ಮಿಂಗ್ ಹು ತಂಡ 1990ರ ದಶಕದ ಕೊನೇಲೇ ಮಾಡಿ ತೋರಿಸಿತ್ತು, ಇಂಟೆಲ್ ಅದನ್ನ ಮಾರೋ ಚಿಪ್ಪಲ್ಲಿ ತಂದಿದ್ದು 2012ರಲ್ಲಿ. 2025ರ ಆರಂಭದಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದವರು ಸಿಲಿಕಾನ್ ಬಿಟ್ಟು ಬಿಸ್ಮತ್ ಸಂಯುಕ್ತದಲ್ಲಿ ಮಾಡಿದ ಟ್ರಾನ್ಸಿಸ್ಟರ್ ಬಗ್ಗೆ "ಇಂಟೆಲ್‌ಗಿಂತ 40 ಪರ್ಸೆಂಟ್ ವೇಗ" ಅಂತ ಹೆಡ್‌ಲೈನ್ ಬಂದ್ವಲ್ಲ, ಅದು ಟ್ರಾನ್ಸಿಸ್ಟರ್ ಮಟ್ಟದ ಹೋಲಿಕೆ, ಫೋನಿಗೆ ಹಾಕೋ ಪ್ರೊಸೆಸರ್ ಅಲ್ಲ. ಸಂಶೋಧನೆ ಒಳ್ಳೇದೇ, ಹೆಡ್‌ಲೈನ್ ಕೆಟ್ಟದು.

"ಸಾಮೂಹಿಕ ಉತ್ಪಾದನೆ ಶುರು" ಅಂತ ಕಂಪನಿನೇ ಹೇಳಿದ್ರೂ ಯಾವ ಚಿಪ್, ಯಾರಿಗೆ ಅಂತ ಕೇಳಿ. ಸ್ಯಾಮ್‌ಸಂಗ್ 2022ರ ಜೂನ್ 30ಕ್ಕೆ 3 ನ್ಯಾನೋಮೀಟರ್ ಉತ್ಪಾದನೆ ಶುರು ಅಂತ ಘೋಷಿಸಿತು, ತನ್ನದೇ 5 ನ್ಯಾನೋಮೀಟರಿಗೆ ಹೋಲಿಸಿದ್ರೆ 45 ಪರ್ಸೆಂಟ್‌ವರೆಗೆ ಕಮ್ಮಿ ಕರೆಂಟು ಅಂತು. ಆ "ವರೆಗೆ" ಅನ್ನೋದು ಎಷ್ಟು ಸುದ್ದಿಗಳಲ್ಲಿ ಉಳೀತು? ಇರ್ಲಿ. ಆಮೇಲೆ ಅವರದ್ದೇ ಚಿಪ್ ಬ್ರ್ಯಾಂಡ್ ಎಕ್ಸಿನೋಸ್ ಹೆಸರಲ್ಲಿ 3 ನ್ಯಾನೋಮೀಟರ್ ಚಿಪ್ ಬಂದಿದ್ದು 2024ರ ಜುಲೈನಲ್ಲಿ, ಅದೂ ವಾಚಿಗೆ.

ದೇಶಾಭಿಮಾನ ಸೇರ್ಕೊಂಡ್ರೆ ಸುದ್ದಿ ಇನ್ನೂ ಹದಗೆಡುತ್ತೆ. 2023ರ ಆಗಸ್ಟ್ ಕೊನೇಲಿ ಚೀನಾದ ಹುವಾವೇ ಕಂಪನಿಯ ಮೇಟ್ 60 ಪ್ರೋ ಫೋನ್ ಬಂದಾಗ (ಮುಂದುವರಿದ ಚಿಪ್ ಈ ಕಂಪನಿಗೆ ಸಿಗದ ಹಾಗೆ ಅಮೆರಿಕ ನಿರ್ಬಂಧ ಹಾಕಿತ್ತು) ಅರ್ಧ ಜನ "ಅಮೆರಿಕದ ನಿರ್ಬಂಧ ಮಣ್ಣುಪಾಲು" ಅಂದ್ರು, ಇನ್ನರ್ಧ "ಸುಳ್ಳು, ಹಳೇ ಸ್ಟಾಕ್" ಅಂದ್ರು. ಕೆನಡಾದ ಟೆಕ್‌ಇನ್‌ಸೈಟ್ಸ್ ಫೋನ್ ಬಿಚ್ಚಿ ಚಿಪ್ ನೋಡಿ, ಇದು ಚೀನಾದ ಎಸ್‌ಎಂಐಸಿಯ 7 ನ್ಯಾನೋಮೀಟರ್ ಅಂತ ಹೇಳ್ತು. ನೆದರ್‌ಲೆಂಡ್ಸಿನ ಎಎಸ್‌ಎಂಎಲ್ ಮಾಡೋ ಇಯುವಿ ಮೆಷಿನ್, ಅಂದ್ರೆ ಬೆಳಕಿಂದ ಚಿಪ್ ಮೇಲೆ ಅತಿ ಸಣ್ಣ ಗೆರೆಗಳ ಅಚ್ಚು ಹಾಕೋ ಯಂತ್ರ, ಚೀನಾಕ್ಕೆ ಕೊಡ್ತಿಲ್ಲ, 13.5 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಕೆಲಸನ 193 ನ್ಯಾನೋಮೀಟರಿನ ಹಳೇ ಮೆಷಿನಲ್ಲಿ ಒಂದೇ ಪದರಕ್ಕೆ ಮತ್ತೆ ಮತ್ತೆ ಅಚ್ಚು ಹಾಕಿ ಮಾಡ್ಬೇಕು, ಆಗುತ್ತೆ ಆದ್ರೆ ಖರ್ಚು ಏರುತ್ತೆ, ಹಾಳಾಗೋದೂ ಜಾಸ್ತಿ. ಅದಾದ ಮೇಲೆ ಅದೇ ವರ್ಷ ಡಿಸೆಂಬರಲ್ಲಿ ಹುವಾವೇ ಲ್ಯಾಪ್‌ಟಾಪ್ ಒಂದರಲ್ಲಿ 5 ನ್ಯಾನೋಮೀಟರ್ ಚಿಪ್ ಕಂಡಿತು, ಚೀನಾ ಇನ್ನೊಂದು ಮೆಟ್ಟಿಲು ಹತ್ತಿತು ಅಂತ ಮತ್ತೆ ಗಲಾಟೆ. ಜನವರೀಲಿ ಅದನ್ನೂ ಬಿಚ್ಚಿ ನೋಡಿದ್ರೆ ಅದು 2020ರಲ್ಲಿ ಟಿಎಸ್‌ಎಂಸಿಯಲ್ಲೇ ಮಾಡಿಸಿಟ್ಟಿದ್ದ ಸ್ಟಾಕು! ಹಂಗಾಗಿ ಇಂಥ ಸುದ್ದಿ ಬಂದ ವಾರ ಏನೂ ನಂಬಬೇಡಿ, ಯಾರಾದ್ರೂ ಬಿಚ್ಚಿ ನೋಡೋವರೆಗೂ ಕಾಯಿರಿ.

ನಮ್ಮೂರ ಸುದ್ದಿಗೂ ಇದೇ ಜರಡಿ ಹಿಡೀರಿ. 2025ರಲ್ಲಿ ಜಪಾನಿನ ಚಿಪ್ ಕಂಪನಿ ರೆನೆಸಾಸ್‌ನೋರು ನೋಯ್ಡಾ ಮತ್ತೆ ಬೆಂಗಳೂರಲ್ಲಿ 3 ನ್ಯಾನೋಮೀಟರ್ ಡಿಸೈನ್ ಸೆಂಟರ್ ತೆಗೆದ್ರು, ಆರ್ಮ್ ಕಂಪನಿಯ ಹೊಸ ಬೆಂಗಳೂರು ಆಫೀಸಲ್ಲಿ 2 ನ್ಯಾನೋಮೀಟರ್ ಡಿಸೈನ್ ಅಂತ ಬಂತು, ಫ್ಯಾಮಿಲಿ ಗ್ರೂಪುಗಳಲ್ಲಿ ಅದು "ಬೆಂಗಳೂರಲ್ಲಿ 2 ನ್ಯಾನೋಮೀಟರ್ ಚಿಪ್ ತಯಾರಿ" ಆಗೋಯ್ತು. ಡಿಸೈನ್ ಬೇರೆ, ಫ್ಯಾಬ್ (ಚಿಪ್ ಮಾಡೋ ಫ್ಯಾಕ್ಟರಿ) ಬೇರೆ, ಪ್ಯಾಕೇಜಿಂಗ್ (ಮಾಡಿದ ಚಿಪ್ಪಿಗೆ ಕವಚ ಹಾಕೋದು) ಬೇರೆ, ಫೋನ್ ಜೋಡಿಸೋದು ಬೇರೆ. ಡಿಸೈನ್ ಏನು ಸಣ್ಣ ಕೆಲಸ ಅಲ್ಲ, ಬೆಂಗಳೂರಿನ ಇಂಜಿನಿಯರ್‌ಗಳು ಎಷ್ಟೋ ವರ್ಷದಿಂದ ಅದೇ ಮಾಡ್ತಿರೋದು, ಆದ್ರೆ ಸಿಲಿಕಾನ್ ಬಿಲ್ಲೆ ಮೇಲೆ ಅಚ್ಚು ಬೀಳೋದು ಇಲ್ಲಿ ಅಲ್ಲ. ದೇವನಹಳ್ಳೀಲಿ ಫಾಕ್ಸ್‌ಕಾನ್ ಜೋಡಿಸೋ ಐಫೋನಿನ ಪ್ರೊಸೆಸರ್ ಬರೋದು ಟಿಎಸ್‌ಎಂಸಿಯಿಂದ. ಗುಜರಾತಿನ ಧೋಲೇರಾದಲ್ಲಿ ಟಾಟಾ ಮತ್ತೆ ತೈವಾನಿನ ಪಿಎಸ್‌ಎಂಸಿ ಸೇರಿ 91,000 ಕೋಟಿ ರೂಪಾಯಿಯ ಫ್ಯಾಬ್ ಕಟ್ಟೋ ಯೋಜನೆ ಇದೆ, ಅದ್ರ ಗುರಿ 28ರಿಂದ 110 ನ್ಯಾನೋಮೀಟರ್, ಕಾರಿಗೆ, ಡಿಸ್‌ಪ್ಲೇಗೆ, ಪವರ್ ಚಿಪ್‌ಗೆ ಬೇಕಾದಂಥದ್ದು. 2025ರ ಸೆಪ್ಟೆಂಬರಲ್ಲಿ ದೆಹಲೀಲಿ ಪ್ರಧಾನಿ ಕೈಗೆ ಕೊಟ್ಟ ವಿಕ್ರಮ್ ಚಿಪ್ ಮೊಹಾಲಿಯಲ್ಲಿರೋ ಸರ್ಕಾರಿ ಚಿಪ್ ಲ್ಯಾಬ್ ಎಸ್‌ಸಿಎಲ್‌ನಲ್ಲಿ 180 ನ್ಯಾನೋಮೀಟರಲ್ಲಿ ಮಾಡಿದ್ದು, ಇಸ್ರೋ ರಾಕೆಟ್ಟಿಗೆ. "ಭಾರತದ ಮೊದಲ ಚಿಪ್" ಅಂತ ಹಾಕಿದ್ರು, ಆದ್ರೆ ಎಸ್‌ಸಿಎಲ್ 1980ರ ದಶಕದಿಂದ್ಲೇ ಚಿಪ್ ಮಾಡ್ತಿತ್ತು, ಇದೇ ವಿಕ್ರಮದ 16 ಬಿಟ್ಟಿನ ಅಣ್ಣ 2009ರಿಂದ ರಾಕೆಟ್ಟಲ್ಲಿದಾನೆ. ಹೊಸದು 32 ಬಿಟ್. 180 ಅಂದ ಕೂಡ್ಲೇ ಮೂಗು ಮುರಿಯೋರೂ ಅಷ್ಟೇ ತಪ್ಪು ಮಾಡ್ತಿರೋದು, ಮೈನಸ್ 55ರಿಂದ 125 ಡಿಗ್ರಿ ತಡೀಬೇಕಾದ ಚಿಪ್ಪಿಗೆ ಫೋನಿನ ಓಟ ಯಾಕೆ ಬೇಕು.

ಟೆಸ್ಟ್ ರಿಸಲ್ಟಿನ ಹೆಡ್‌ಲೈನೂ ಬಿಡಬೇಡಿ. 2015ರ ಐಫೋನ್ 6ಎಸ್‌ನ ಎ9 ಚಿಪ್ ಕೆಲವು ಫೋನಲ್ಲಿ ಸ್ಯಾಮ್‌ಸಂಗ್ 14 ನ್ಯಾನೋಮೀಟರ್, ಕೆಲವದ್ರಲ್ಲಿ ಟಿಎಸ್‌ಎಂಸಿ 16. ಬೆಂಚ್‌ಮಾರ್ಕ್ ಹಾಕಿ ಒಂದೇ ಸಮ ಓಡಿಸಿದೋರು, ನಂಬರ್ ಸಣ್ಣ ಇರೋ ಸ್ಯಾಮ್‌ಸಂಗ್ ಚಿಪ್ಪೇ ಬ್ಯಾಟರಿ ಬೇಗ ಖಾಲಿ ಮಾಡುತ್ತೆ ಅಂದ್ರು, ಜನ ಅಂಗಡೀಲೇ ಚಿಪ್ ಯಾವುದು ಅಂತ ಚೆಕ್ ಮಾಡೋ ಆಪ್ ಹಾಕೋಕೆ ಶುರು ಮಾಡಿದ್ರು. ದಿನಬಳಕೇಲಿ ವ್ಯತ್ಯಾಸ 2ರಿಂದ 3 ಪರ್ಸೆಂಟ್ ಒಳಗೆ ಅಂತ ಆಪಲ್ ಹೇಳ್ತು. ಕಂಪನಿ ಮಾತು ಅಂತ ಒಂದು ಚಿಟಿಕೆ ಅನುಮಾನ ಇಟ್ಕೊಳ್ಳಿ, ಆದ್ರೆ ಪ್ರೊಸೆಸರನ್ನ ಗಂಟೆಗಟ್ಟಲೆ ಉಸಿರು ಬಿಡದ ಹಾಗೆ ಓಡಿಸೋ ಟೆಸ್ಟು ನಿಮ್ಮ ದಿನ ಅಲ್ಲ ಅನ್ನೋದೂ ನಿಜ.

ಫೋನ್ ತಗೊಳ್ಳೋಕೆ ಹೊರಟಿದ್ರೆ ನ್ಯಾನೋಮೀಟರ್ ಕಾಲಂ ಬಿಟ್ಟುಬಿಡಿ. ಯೂಟ್ಯೂಬಲ್ಲಿ ಅದೇ ಮಾಡೆಲ್ಲಿನ 3ಡಿಮಾರ್ಕ್ ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್ ಹುಡುಕಿ, ಒಂದೊಂದು ನಿಮಿಷದ 20 ಸುತ್ತು ಇರುತ್ತೆ, ಮೊದಲ ಸುತ್ತಿನ ಸ್ಕೋರಿಗೂ ಕೊನೇ ಸುತ್ತಿಂದಕ್ಕೂ ಎಷ್ಟು ಬಿತ್ತು ನೋಡಿ, ಆಗ ಫೋನ್ ಎಷ್ಟು ಬಿಸಿ ಆಗಿತ್ತು ಅಂತ ರಿವ್ಯೂ ಮಾಡಿದೋರು ಹೇಳಿದಾರಾ ನೋಡಿ, ಹೇಳಿಲ್ಲ ಅಂದ್ರೆ ಹೇಳಿರೋ ಇನ್ನೊಂದು ರಿವ್ಯೂ ಹುಡುಕಿ.