ಓರಿಯೆಂಟೇಶನ್ ವಾರ: ಉತ್ತರ ಕನ್ನಡದಿಂದ ಅಮೆರಿಕಕ್ಕೆ ಓದಲು ಬರುವವರಿಗೆ

ಅಮೆರಿಕದ ಬಹಳಷ್ಟು ಕಾಲೇಜುಗಳಲ್ಲಿ ಫಾಲ್ ಸೆಮಿಸ್ಟರಿನ ತರಗತಿ ಆಗಸ್ಟ್ ಮೂರನೇ ಅಥವಾ ನಾಲ್ಕನೇ ವಾರ ಶುರುವಾಗುತ್ತದೆ. ಅದರ ಹಿಂದಿನ ವಾರ ಓರಿಯೆಂಟೇಶನ್. ಭಾಷಣ, ಆಟ, ಊಟದ ಸ್ವಾಗತ ಸಮಾರಂಭ ಅಷ್ಟೇ ಎಂದುಕೊಂಡು, ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ಎರಡು ದಿನ ತಡವಾಗಿ ಬಂದಿಳಿಯುವವರು ಇದ್ದೇ ಇರುತ್ತಾರೆ. ಭಾಷಣ, ಆಟ ತಪ್ಪಿದರೆ ನಷ್ಟವಿಲ್ಲ. ಆದರೆ ವೀಸಾ, ಕೋರ್ಸು, ಫೀ, ವಿಮೆ ಈ ನಾಲ್ಕರ ಕೆಲಸವೂ ಅದೇ ವಾರದಲ್ಲಿ ಸೇರಿಕೊಂಡಿರುತ್ತದೆ, ಅವಕ್ಕೆ ಕಡೇ ದಿನಾಂಕವೂ ಇರುತ್ತದೆ. ಕಾರವಾರ, ಕುಮಟಾ, ಹೊನ್ನಾವರ, ಶಿರಸಿ, ಸಿದ್ದಾಪುರ ಕಡೆಯಿಂದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬರುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇವೆ.

ಊರಿನಲ್ಲೇ ಮುಗಿಸಬೇಕಾದದ್ದು

ಮೊದಲನೆಯದು ಲಸಿಕೆ. ಹೆಚ್ಚಿನ ಕಾಲೇಜುಗಳು ಎಂಎಂಆರ್ ಲಸಿಕೆಯ 2 ಡೋಸ್ ಕೇಳುತ್ತವೆ. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ ಇದು. ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಮಕ್ಕಳಿಗೆ ಕೊಡುತ್ತಿದ್ದುದು ದಡಾರದ್ದು, ಆಮೇಲೆ ದಡಾರ-ರುಬೆಲ್ಲಾದ್ದು, ಮಂಗನಬಾವಿನದ್ದು ಅದರಲ್ಲಿಲ್ಲ. ಹಾಗಾಗಿ ತಾಯಿ ಕಾರ್ಡಿನಲ್ಲಿ ಎಲ್ಲ ಚುಚ್ಚುಮದ್ದಿಗೂ ಗುರುತು ಬಿದ್ದಿದ್ದರೂ ಕಾಲೇಜಿನ ಆರೋಗ್ಯ ಕೇಂದ್ರ ಒಪ್ಪದೆ ಹೋಗಬಹುದು. ಎರಡು ಡೋಸ್ ನಡುವೆ ಕನಿಷ್ಠ 28 ದಿನ ಬೇಕು. ಹೊರಡುವ ವಾರ ನೆನಪಾದರೆ ಒಂದೇ ಡೋಸ್ ಆಗುತ್ತದೆ. ವೀಸಾ ಕೈಗೆ ಬರುವವರೆಗೆ ಕಾಯದೆ, ಪ್ರವೇಶಪತ್ರ ಬಂದ ಕೂಡಲೇ ಮೊದಲ ಡೋಸ್ ಹಾಕಿಸಿಕೊಳ್ಳಿ. ವೈದ್ಯರ ಸಹಿ, ಮೊಹರು, ದಿನಾಂಕ ಇಂಗ್ಲಿಷಿನಲ್ಲಿರಲಿ.

ಕ್ಷಯದ ತಪಾಸಣೆಯೂ ಇರುತ್ತದೆ. ನಮ್ಮಲ್ಲಿ ಹುಟ್ಟಿದಾಗಲೇ ಬಿಸಿಜಿ ಕೊಡುವುದರಿಂದ ತೋಳಿನ ಮೇಲೆ ಮಾಡುವ ಮಾಂಟೂ ಪರೀಕ್ಷೆಯಲ್ಲಿ ರೋಗವಿಲ್ಲದಿದ್ದರೂ ಗುಳ್ಳೆ ಏಳಬಹುದು. ಆಮೇಲೆ ಎಕ್ಸ್-ರೇ, ಮತ್ತೆ ಓಡಾಟ. ಬಿಸಿಜಿಯ ಪ್ರಭಾವವಿಲ್ಲದ ಇಗ್ರಾ ಎಂಬ ರಕ್ತಪರೀಕ್ಷೆ ಇದೆ. ಕಾಲೇಜು ಆಯ್ಕೆ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಕೆಲವು ಕಾಲೇಜುಗಳು ಈ ಪರೀಕ್ಷೆ ಅಮೆರಿಕದಲ್ಲೇ ಆಗಬೇಕೆನ್ನುತ್ತವೆ. ಊರಿನಲ್ಲಿ ದುಡ್ಡು ಖರ್ಚು ಮಾಡುವ ಮೊದಲು ಕಾಲೇಜಿನ ಫಾರ್ಮ್ ಓದಿ.

ಎರಡನೆಯದು ಅಂಕಪಟ್ಟಿ. ಕೊನೆಯ ಸೆಮಿಸ್ಟರಿನ ಫಲಿತಾಂಶ ಸೇರಿದ ಟ್ರಾನ್ಸ್‌ಕ್ರಿಪ್ಟ್, ಪದವಿ ಮುಗಿದದ್ದಕ್ಕೆ ಪುರಾವೆ, ಎರಡೂ ಮುಚ್ಚಿ ಮೊಹರು ಹಾಕಿದ ಲಕೋಟೆಯಲ್ಲಿರಲಿ, ಅದನ್ನು ನೀವು ಒಡೆಯಬೇಡಿ. ವಿಟಿಯು ಆದರೆ ಬೆಳಗಾವಿ, ಕರ್ನಾಟಕ ವಿಶ್ವವಿದ್ಯಾಲಯವಾದರೆ ಧಾರವಾಡ. ನೀವು ಇಲ್ಲಿಗೆ ಬಂದಮೇಲೆ ಅಪ್ಪ ಕಾರವಾರದಿಂದ ಬೆಳಗಾವಿಗೆ ಬಸ್ ಹತ್ತಿ ಹೋಗಿ ಇದನ್ನು ಮಾಡಿಸುವುದು ಬಹಳ ಕಷ್ಟದ ಕೆಲಸ.

ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆ ನೋಡಿ. ಇಡೀ ಹೆಸರು ಒಂದೇ ಖಾನೆಯಲ್ಲಿದ್ದು ಇನ್ನೊಂದು ಖಾಲಿ ಇದ್ದರೆ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅರ್ಥ. ಅದೇ ಕಾಲೇಜಿನ ಐಡಿ, ಇಮೇಲ್, ಬ್ಯಾಂಕ್ ಎಲ್ಲದಕ್ಕೂ ಹರಿದುಹೋಗುತ್ತದೆ. ಸಮಯವಿದ್ದರೆ ಐ-20 (ವೀಸಾಕ್ಕೆಂದು ಕಾಲೇಜು ಕೊಡುವ ಪ್ರವೇಶದ ದಾಖಲೆ) ಮಾಡಿಸುವ ಮೊದಲೇ ಪಾಸ್‌ಪೋರ್ಟ್ ಸರಿಪಡಿಸಿಕೊಳ್ಳಿ. ಇಲ್ಲದಿದ್ದರೆ ಓರಿಯೆಂಟೇಶನ್ ವಾರದಲ್ಲೇ ರಿಜಿಸ್ಟ್ರಾರ್ ಕಚೇರಿಯಲ್ಲಿ ‘ಕರೆಯುವ ಹೆಸರು’ ದಾಖಲಿಸಿ.

ಪ್ರಯಾಣ, ಪೆಟ್ಟಿಗೆ

ಐ-20ಯಲ್ಲಿರುವ ಪ್ರೋಗ್ರಾಂ ಆರಂಭದ ದಿನಕ್ಕಿಂತ 30 ದಿನ ಮೊದಲಿನಿಂದ ದೇಶದೊಳಕ್ಕೆ ಬರಬಹುದು, ಅದಕ್ಕೂ ಮುಂಚೆ ಬಿಡುವುದಿಲ್ಲ. ನಾವು ಹೊರಡುವ ಕಾಲ ಜೋರು ಮಳೆಯದು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ದೇವಿಮನೆ, ಅರಬೈಲ್ ಘಟ್ಟಗಳ ಭರವಸೆಯೂ ಅಷ್ಟಕ್ಕಷ್ಟೇ. ವಿಮಾನ ಗೋವಾದಿಂದಿರಲಿ, ಬೆಂಗಳೂರಿನಿಂದಿರಲಿ, ಒಂದು ದಿನ ಮುಂಚೆ ಆ ಊರು ತಲುಪಿರಿ.

ಪೆಟ್ಟಿಗೆಯಲ್ಲಿ ಅಕ್ಕಿ ತರಬೇಡಿ. ಕುಚ್ಚಕ್ಕಿ ಎಷ್ಟೇ ಪ್ರೀತಿಯದಿದ್ದರೂ, ಖಾಪ್ರಾ ಹುಳದ ಭಯದಿಂದ ಭಾರತದಂಥ ದೇಶಗಳಿಂದ ಪ್ರಯಾಣಿಕರು ಅಕ್ಕಿ, ಕಡಲೆಕಾಳು ತರುವುದನ್ನು ಇಲ್ಲಿ ನಿಷೇಧಿಸಿದ್ದಾರೆ. ಹಸಿ ಕರಿಬೇವು, ಹಣ್ಣು, ಬೀಜ, ಮಾಂಸವೂ ಬೇಡ. ಅಪ್ಪೆಮಿಡಿ ಉಪ್ಪಿನಕಾಯಿ, ಸಾಂಬಾರು ಪುಡಿ, ಹಲಸಿನ ಹಪ್ಪಳ, ಒಣ ಮುರುಗಲು ಸಿಪ್ಪೆಗೆ ಸಾಮಾನ್ಯವಾಗಿ ತಕರಾರಿಲ್ಲ. ಆದರೆ ತಿಂಡಿ ಪದಾರ್ಥ ಇದೆಯೇ ಎಂದು ಕೇಳಿದಾಗ ‘ಇದೆ’ ಎನ್ನಿ. ಹೇಳಿದ್ದಕ್ಕೆ ಹೆಚ್ಚೆಂದರೆ ಆ ಪೊಟ್ಟಣ ಹೋದೀತು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಉಪ್ಪಿನಕಾಯಿ, ಜೋನಿಬೆಲ್ಲ ಚೆಕ್-ಇನ್ ಪೆಟ್ಟಿಗೆಯಲ್ಲಿರಲಿ. ಐ-20, ಪಾಸ್‌ಪೋರ್ಟ್, ಫೀ ರಸೀದಿ, ಲಸಿಕೆ ಪತ್ರ ಮಾತ್ರ ಕೈಚೀಲದಲ್ಲೇ. ಊರಿನ ಮಿಕ್ಸರ್ 230 ವೋಲ್ಟಿನದು, ಇಲ್ಲಿ ಬರುವುದು 120, ತರುವುದು ವ್ಯರ್ಥ.

ಬಂದ ಮೇಲಿನ ಮೊದಲ ಕೆಲಸ

ಯಾವುದನ್ನು ಬಿಟ್ಟರೂ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಚೆಕ್-ಇನ್ ಬಿಡಬೇಡಿ. ಮೊದಲು ಐ-94 ಎಂಬ, ನೀವು ದೇಶದೊಳಕ್ಕೆ ಬಂದದ್ದರ ದಾಖಲೆಯನ್ನು ಸರ್ಕಾರದ ಜಾಲತಾಣದಿಂದ ಇಳಿಸಿಕೊಂಡು ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ವರ್ಗ ಎಫ್-1 ಎಂದಿದೆಯೇ ನೋಡಿ. ತಪ್ಪಿದ್ದರೆ ಕಚೇರಿಯವರಿಗೆ ಅವತ್ತೇ ತಿಳಿಸಿ. ಆಮೇಲೆ ಪಾಸ್‌ಪೋರ್ಟ್, ವೀಸಾ, ಐ-20, ಐ-94ರ ಪ್ರತಿಗಳನ್ನು ಅವರು ಹೇಳಿದ ಕಡೆ ಅಪ್‌ಲೋಡ್ ಮಾಡಿ, ಇಲ್ಲಿನ ವಿಳಾಸ ಕೊಡಿ. ನೀವು ಬಂದಿದ್ದೀರಿ, ಪೂರ್ಣಾವಧಿಗೆ ಕೋರ್ಸ್ ತೆಗೆದುಕೊಂಡಿದ್ದೀರಿ ಎಂದು ಕಾಲೇಜು ಸೆವಿಸ್ ಎಂಬ, ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆಯಲ್ಲಿ ಪ್ರೋಗ್ರಾಂ ಆರಂಭವಾಗಿ 30 ದಿನದೊಳಗೆ ದಾಖಲಿಸಬೇಕು. ಅದಾಗದಿದ್ದರೆ ವಿದ್ಯಾರ್ಥಿ ಬರಲೇ ಇಲ್ಲ ಎಂದಾಗಿ ದಾಖಲೆ ರದ್ದಾಗುತ್ತದೆ. ವಿಮಾನ ನಿಲ್ದಾಣದಲ್ಲಿ ಮುದ್ರೆ ಬಿತ್ತಲ್ಲ, ಮುಗಿಯಿತು ಎಂದು ಸುಮ್ಮನಿರುವವರು ಎಡವುವುದು ಇಲ್ಲೇ. ಮುಂದೆ ಮನೆ ಬದಲಿಸಿದರೆ 10 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು.

ಕೋರ್ಸ್ ನೋಂದಣಿ ಮತ್ತು ಹೋಲ್ಡ್

ವಾರದ ನಿಜವಾದ ತಲೆನೋವು ಇದು. ಪೂರ್ಣಾವಧಿ ಎಂದರೆ ಪದವಿಗೆ 12 ಕ್ರೆಡಿಟ್, ಸ್ನಾತಕೋತ್ತರಕ್ಕೆ ಸಾಮಾನ್ಯವಾಗಿ 9. ಇದರಲ್ಲಿ ಪೂರ್ತಿ ಆನ್‌ಲೈನ್ ಇರುವ ಕೋರ್ಸ್ ಒಂದೇ, ಅಂದರೆ 3 ಕ್ರೆಡಿಟ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹೆಸರು ಸೇರಿಸಲು ಹೋದಾಗ ಪರದೆಯ ಮೇಲೆ ‘ಹೋಲ್ಡ್’ (ನೋಂದಣಿಗೆ ತಡೆ) ಎಂದು ಬಂದರೆ ಗಾಬರಿ ಬೇಡ. ಯಾವ ಕಚೇರಿಯ ಹೋಲ್ಡ್ ಎಂದು ಓದಿ. ಲಸಿಕೆಯದಾದರೆ ಆರೋಗ್ಯ ಕೇಂದ್ರ, ಅಂಕಪಟ್ಟಿಯದಾದರೆ ಪ್ರವೇಶ ವಿಭಾಗ, ಹಣದ್ದಾದರೆ ಫೀ ಕಚೇರಿ, ಸಲಹೆಗಾರರದಾದರೆ ನಿಮ್ಮ ವಿಭಾಗ. ಒಬ್ಬರ ಹೋಲ್ಡನ್ನು ಇನ್ನೊಬ್ಬರು ತೆಗೆಯಲಾರರು. ಸೋಮವಾರ ಸರದಿಯಲ್ಲಿ ನಿಂತರೆ ಬುಧವಾರದೊಳಗೆ ಬಿಡುಗಡೆಯಾದೀತು. ಶುಕ್ರವಾರ ಹೋದರೆ ಬೇಕಾದ ಕೋರ್ಸ್ ತುಂಬಿರುತ್ತದೆ.

ತುಂಬಿದ್ದರೆ ವೇಟ್‌ಲಿಸ್ಟಿಗೆ ಸೇರಿ, ಜೊತೆಗೆ ಬೇರೊಂದು ಕೋರ್ಸ್ ಹಿಡಿದಿಡಿ. ವೇಟ್‌ಲಿಸ್ಟ್ ಕ್ರೆಡಿಟ್ ಪೂರ್ಣಾವಧಿಯ ಲೆಕ್ಕಕ್ಕಿಲ್ಲ. ಮೊದಲ ತರಗತಿಗೆ ಹೋಗಿ ಪ್ರೊಫೆಸರರನ್ನು ನೇರ ಕೇಳುವುದು ಇಲ್ಲಿ ಉದ್ಧಟತನವಲ್ಲ. ಟೀಚಿಂಗ್ ಅಸಿಸ್ಟೆಂಟ್ ಕೆಲಸ ಸಿಕ್ಕಿದ್ದರೆ ಮಾತನಾಡುವ ಇಂಗ್ಲಿಷಿನ ಪರೀಕ್ಷೆ ಇದೇ ವಾರ ಇರುವ ಸಂಭವವಿದೆ. ವೇಗ ಕಡಿಮೆ ಮಾಡಿ ಮಾತನಾಡಿ, ಅಷ್ಟು ಸಾಕು.

ವಿಭಾಗದ ಓರಿಯೆಂಟೇಶನ್‌ನಲ್ಲಿ ನಕಲಿನ ನಿಯಮ ಹೇಳುವಾಗ ನಿದ್ದೆ ಬರುತ್ತದೆ. ಬಂದರೂ ಕೇಳಿ. ಊರಿನ ಕಾಲೇಜಿನಲ್ಲಿ ಸೀನಿಯರ್‌ಗಳ ಜರ್ನಲ್ ನೋಡಿ ಬರೆಯುವುದು ರೂಢಿ. ಇಲ್ಲಿ ಅದೇ ಕೆಲಸಕ್ಕೆ ಕೋರ್ಸಿನಲ್ಲಿ ಸೊನ್ನೆ ಬರಬಹುದು, ಕಾಲೇಜಿನಿಂದ ಅಮಾನತೂ ಆಗಬಹುದು, ಅಮಾನತಾದರೆ ವೀಸಾ ಸ್ಥಿತಿಯೂ ಹೋಗುತ್ತದೆ. ಕೊಟ್ಟವರಿಗೂ ನೋಡಿ ಬರೆದವರಿಗೂ ಶಿಕ್ಷೆ ಒಂದೇ. ಎಐ ಬಳಸಬಹುದೇ ಎಂಬುದು ಕೋರ್ಸಿನಿಂದ ಕೋರ್ಸಿಗೆ ಬೇರೆ, ಸಿಲಬಸ್‌ನಲ್ಲಿ ಬರೆದಿರುತ್ತದೆ.

ಬಿಟ್ಟರೂ ನಡೆಯುವುದು

ಕ್ಯಾಂಪಸ್ ಸುತ್ತಾಟ, ಪರಿಚಯದ ಆಟಗಳು, ಬಾವುಟ ಹಿಡಿದ ಮೆರವಣಿಗೆ. ಸಂಘಗಳ ಮೇಳಕ್ಕೆ ಮಾತ್ರ ಒಂದು ಗಂಟೆ ಹೋಗಿಬನ್ನಿ: ಭಾರತೀಯ ವಿದ್ಯಾರ್ಥಿ ಸಂಘದ ಮೇಜು ಸಿಗುತ್ತದೆ, ಹಳೆಯ ಮಂಚ, ಪಾತ್ರೆ, ರೂಮ್‌ಮೇಟ್ ಎಲ್ಲ ಅಲ್ಲಿಂದಲೇ. ಪುಕ್ಕಟೆ ಪಿಜ್ಜಾ ದಿನವೂ ಇರುತ್ತದೆ. ಮೇಲಿನ ಕೆಂಪು ಬಿಲ್ಲೆ ಪೆಪ್ಪರೋನಿ, ಅಂದರೆ ಹಂದಿ ಅಥವಾ ದನದ ಮಾಂಸ. ಇಲ್ಲಿ ‘ವೆಜಿಟೇರಿಯನ್’ ಎಂದರೆ ಮೊಟ್ಟೆ ಇದ್ದೀತು. ಅನ್ನ, ಸೂಪಿಗೆ ಕೋಳಿ ಕಟ್ಟು ಹಾಕಿದ್ದಾರೆಯೇ ಎಂದು ಬಿಡಿಸಿ ಕೇಳಬೇಕು.

ಹಣ, ವಿಮೆ, ಫೋನು

ಬ್ಯಾಂಕ್ ಖಾತೆಗೆ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ (ಇಲ್ಲಿನ ಸರ್ಕಾರ ಕೊಡುವ ಸಂಖ್ಯೆ) ಕಡ್ಡಾಯವಲ್ಲ; ಪಾಸ್‌ಪೋರ್ಟ್, ಐ-20, ವಿಳಾಸದ ಪುರಾವೆ ತೆಗೆದುಕೊಂಡು ಶಾಖೆಗೇ ಹೋಗಿ. ಕ್ಯಾಂಪಸ್ ಕೆಲಸ ಸಿಕ್ಕ ಮೇಲೆ ಆ ಕೆಲಸದ ಪತ್ರ ಹಿಡಿದು ಸಂಖ್ಯೆಗೆ ಅರ್ಜಿ ಹಾಕಬಹುದು. ಸೆಮಿಸ್ಟರ್ ನಡೆಯುವಾಗ ಕೆಲಸಕ್ಕೆ ವಾರಕ್ಕೆ 20 ಗಂಟೆಯ ಮಿತಿ, ಅದೂ ಕ್ಯಾಂಪಸ್ ಒಳಗೆ. ಊರಿನಿಂದ ಫೀ ಕಳಿಸುವವರು ಗಮನಿಸಿ: ವಿದೇಶಿ ವಿನಿಮಯದ ವ್ಯವಹಾರ ಎಲ್ಲ ಶಾಖೆಗಳಲ್ಲೂ ಇಲ್ಲ, ಸಣ್ಣ ಶಾಖೆಯವರು ಕಾಗದ ದೊಡ್ಡ ಶಾಖೆಗೆ ಕಳಿಸುತ್ತಾರೆ. ನಡುವೆ ಆಗಸ್ಟ್ 15ರ ರಜೆ, ಮುಂದೆ ಚೌತಿ. ಕಡೇ ದಿನಕ್ಕಿಂತ ಹತ್ತು ದಿನ ಮೊದಲೇ ವಿದೇಶಕ್ಕೆ ಹಣ ಕಳಿಸುವ ಎ2 ಫಾರ್ಮ್ ತುಂಬಿ. ನಿಮ್ಮ ಊರಿನ ಸಿಮ್ ಬಂದ್ ಮಾಡಬೇಡಿ, ಹೊರಡುವ ಮೊದಲೇ ರೋಮಿಂಗ್ ಹಾಕಿಸಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ.

ಫೀ ಬಿಲ್ಲಿನಲ್ಲಿ ಆರೋಗ್ಯ ವಿಮೆಯ ಮೊತ್ತ ತಾನಾಗಿಯೇ ಸೇರಿರುತ್ತದೆ. ಬೇರೆ ವಿಮೆ ಇದ್ದವರು ವಿನಾಯಿತಿ ಕೇಳಬಹುದು, ಅದಕ್ಕೂ ಕಡೇ ದಿನವಿದೆ. ಊರಿನಲ್ಲಿ ಮಾಡಿಸಿದ ಪ್ರವಾಸಿ ವಿಮೆ ಆ ಷರತ್ತಿಗೆ ಹೊಂದುವುದು ಅಪರೂಪ. ವಲಸೆ ಇಲಾಖೆಯವರೆಂದು ಫೋನ್ ಮಾಡಿ ಗಿಫ್ಟ್ ಕಾರ್ಡಿನಲ್ಲಿ ದಂಡ ಕಟ್ಟಿ ಎನ್ನುವವರು ಮೋಸಗಾರರು. ಫೋನ್ ಇಟ್ಟುಬಿಡಿ.

ಅಪ್ಪ, ಆಯಿಗೆ ಒಂದು ಮಾತು ಮೊದಲೇ ಹೇಳಿಡಿ. ಫೀ ಅವರೇ ಕಟ್ಟಿದರೂ ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಕಾಲೇಜು ಅವರಿಗೆ ನಿಮ್ಮ ಅಂಕ, ಹಾಜರಿ ಹೇಳುವುದಿಲ್ಲ, ಕಾನೂನೇ ಹಾಗಿದೆ. ನ್ಯೂಯಾರ್ಕ್ ಕಡೆಯ ಗಡಿಯಾರ ಆಗಸ್ಟಿನಲ್ಲಿ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ, ಕ್ಯಾಲಿಫೋರ್ನಿಯಾ ಕಡೆಯದು ಹನ್ನೆರಡೂವರೆ. ವಾರವಿಡೀ ಬೆಳಗ್ಗೆ ಎಂಟರಿಂದ ಸಂಜೆವರೆಗೆ ಕಾರ್ಯಕ್ರಮವಿರುವುದರಿಂದ, ಮನೆಗೆ ಫೋನ್ ಮಾಡುವ ಹೊತ್ತನ್ನು ವೇಳಾಪಟ್ಟಿ ಕೈಗೆ ಬಂದಮೇಲೆ ಗೊತ್ತುಮಾಡಿಕೊಳ್ಳಿ.