ಆರ್‌ಎಸ್‌ವಿ ಮಿನಿಜೀನೋಮ್ ಮತ್ತು ಎಂ2-1: ನನ್ನ ಅನುಭವ

ಜೀವಂತ ವೈರಸ್ಸನ್ನು ಮುಟ್ಟದೆ, ಅದರ ಜೀನೋಮಿನ ಕಿರುರೂಪವಾದ ಮಿನಿಜೀನೋಮಿನಿಂದಲೇ, ಉಸಿರಾಟದ ಸೋಂಕು ತರುವ ಆರ್‌ಎಸ್‌ವಿ ವೈರಸ್ಸಿನ ಪ್ರತಿಲೇಖನವನ್ನು (ಜೀನಿನಿಂದ ಆರ್‌ಎನ್‌ಎ ಪ್ರತಿ ತೆಗೆಯುವುದನ್ನು) ಅಳೆಯುವೆನೆಂದು ನಾನು ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, 'ಮೊದಲು ಎಲ್ ಪ್ಲಾಸ್ಮಿಡ್ ಕೈಗೆ ಹತ್ತಲಿ, ಆಮೇಲೆ ಮಾತಾಡೋಣ' ಎಂದು ನಕ್ಕಿದ್ದರು. ಏಳೆಂಟು ತಿಂಗಳು ಅವರ ಮಾತೇ ನಿಜವಾಯಿತು. ಎಲ್ ಎಂದರೆ ವೈರಸ್ಸಿನ ಆರ್‌ಎನ್‌ಎ ಪ್ರತಿ ತೆಗೆಯುವ ಪಾಲಿಮರೇಸ್, ಪ್ಲಾಸ್ಮಿಡ್ ಎಂದರೆ ಜೀನನ್ನು ಹೊರುವ ಡಿಎನ್‌ಎ ಉಂಗುರ. 2,165 ಅಮೈನೋ ಆಮ್ಲಗಳ ಆ ಪಾಲಿಮರೇಸಿನ ಜೀನು, 37 ಡಿಗ್ರಿಯಲ್ಲಿ ಬೆಳೆಸಿದ ಇ. ಕೋಲಿ ಬ್ಯಾಕ್ಟೀರಿಯದಿಂದ ಪ್ರತಿ ಸಲವೂ ಎಲ್ಲೋ ಒಂದು ತುಂಡು ಕಳೆದುಕೊಂಡೇ ಹೊರಬರುತ್ತಿತ್ತು. ಸೀಕ್ವೆನ್ಸಿಂಗಿಗೇ ಸುಮಾರು 60,000 ರೂಪಾಯಿ ಖರ್ಚಾಗಿರಬೇಕು. ತಾಪಮಾನವನ್ನು 30 ಡಿಗ್ರಿಗೆ ಇಳಿಸಿ, ದಪ್ಪ ಕಾಲನಿಗಳನ್ನು ಬಿಟ್ಟು, ತಡವಾಗಿ ಕಾಣಿಸಿಕೊಳ್ಳುವ ಸಣ್ಣವನ್ನು ಆರಿಸಿದ ಮೇಲೆ ಸರಿಯಾದ ಎಲ್ ದೊರೆಯಿತು.

ನಿಜವಾದ ಪೇಚು ಆಮೇಲೆ ಶುರುವಾಯಿತು. ಬಿಎಸ್‌ಆರ್-ಟಿ7 ಎಂಬ ಪ್ರಯೋಗಾಲಯದ ಕೋಶಗಳಿಗೆ ಮಿನಿಜೀನೋಮಿನ ಜೊತೆ ವೈರಸ್ಸಿನ ಎನ್, ಪಿ ಮತ್ತು ಎಲ್ ಪ್ರೋಟೀನುಗಳ ಪ್ಲಾಸ್ಮಿಡ್‌ಗಳನ್ನು ಮಾತ್ರ ಹಾಕಿದ ವೆಲ್‌ಗಳಲ್ಲೂ ಮಿನಿಜೀನೋಮಿನಲ್ಲಿ ವರದಿಗಾರನಾಗಿ ಇಟ್ಟಿದ್ದ, ಬೆಳಕು ಕೊಡುವ ನ್ಯಾನೋ ಲೂಸಿಫೆರೇಸ್ ಚೆನ್ನಾಗಿಯೇ ಬೆಳಗಿತು. ಪ್ರತಿಲೇಖನಕ್ಕೆ ನೆರವಾಗುವ, ವೈರಸ್ಸಿನದೇ ಇನ್ನೊಂದು ಪ್ರೋಟೀನಾದ ಎಂ2-1 ಸೇರಿಸಿದರೆ ಹೆಚ್ಚೆಂದರೆ ಎರಡು ಪಟ್ಟು. 'ಆ ಪ್ರೋಟೀನಿಗೆ ಹಣ ಸುರಿಯುವುದೇಕೆ' ಎಂದವರೂ ಇದ್ದರು. ಕೋಶದೊಳಕ್ಕೆ ಡಿಎನ್‌ಎ ಸೇರಿಸುವ ಟ್ರಾನ್ಸ್‌ಫೆಕ್ಷನ್ ರೀಏಜೆಂಟಿನ ಬಾಟಲಿಯನ್ನು ದೂರುತ್ತಾ ಮೂರು ತಿಂಗಳು ಕಳೆದ ನನಗೆ ತಪ್ಪು ನನ್ನದೇ ಎಂದು ಹೊಳೆದದ್ದು ತಡವಾಗಿ. ಎಂ2-1 ಇಲ್ಲದಿದ್ದರೆ ಪಾಲಿಮರೇಸ್, ತಾನು ಪ್ರತಿ ತೆಗೆಯುತ್ತಿರುವ ಜೀನಿನ ನಡುವೆಯೇ, ಕೆಲವು ನೂರು ನ್ಯೂಕ್ಲಿಯೊಟೈಡುಗಳಲ್ಲಿ, ಕೈಬಿಡುತ್ತದೆ. ನನ್ನ ವರದಿಗಾರ ಜೀನು ಐನೂರು ಚಿಲ್ಲರೆ ನ್ಯೂಕ್ಲಿಯೊಟೈಡ್ ಉದ್ದದ್ದು, ಆದ್ದರಿಂದ ಸಹಾಯವಿಲ್ಲದೆಯೂ ಎಷ್ಟೋ ಸಲ ಕೊನೆ ಮುಟ್ಟುತ್ತಿತ್ತು. ಸುಮಾರು 1,650 ಉದ್ದದ ಮಿಂಚುಹುಳದ ಲೂಸಿಫೆರೇಸನ್ನು ಅದೇ ಜಾಗದಲ್ಲಿ ಕೂರಿಸಿದ ದಿನ, ಎಂ2-1 ಇಲ್ಲದ ವೆಲ್‌ಗಳು ಹಿನ್ನೆಲೆಯ ಮಟ್ಟಕ್ಕೆ ಕುಸಿದವು, ಇದ್ದವು ನೆನಪಿನ ಪ್ರಕಾರ ನಲವತ್ತು ಪಟ್ಟು ಮೇಲಿದ್ದವು. ಮೂರು ವಾರ ಮತ್ತೆ ಮತ್ತೆ ಮಾಡಿದರೂ ಫಲಿತಾಂಶ ಕದಲಲಿಲ್ಲ.

ಎನ್, ಪಿ, ಎಂ2-1, ಎಲ್ ಪ್ಲಾಸ್ಮಿಡ್‌ಗಳಿಗೆ ಹಲವರು ಬಳಸುವ 2:2:1:1 ಪ್ರಮಾಣದಲ್ಲಿ ಎಲ್ ಅಂಶವನ್ನು ನಾನು ಇನ್ನೂ ತಗ್ಗಿಸಿದ್ದೇನೆ, ಏಕೆಂದರೆ ಅದು ಹೆಚ್ಚಾದಷ್ಟೂ ಬೆಳಕು ಮಂಕಾಗುತ್ತದೆ. ಎಷ್ಟು ತಗ್ಗಿಸಿದೆ, ಕೋಶಗಳನ್ನು ಯಾವ ದಟ್ಟಣೆಯಲ್ಲಿ ಹಿಡಿದೆ ಎಂಬುದು ಸದ್ಯಕ್ಕೆ ನನ್ನ ನೋಟ್‌ಬುಕ್ಕಿನಲ್ಲೇ ಇರಲಿ.

ನಡುವೆ ಒಂದೆರಡು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಎಂ2-1ರಲ್ಲಿ ಸತುವನ್ನು ಹಿಡಿಯುವ 25ನೆಯ ಅಮೈನೋ ಆಮ್ಲವಾದ ಹಿಸ್ಟಿಡಿನ್ ಬದಲಾಯಿಸಿದಾಗ, ಪ್ರೋಟೀನ್ ಇದೆಯೇ ಎಂದು ನೋಡುವ ವೆಸ್ಟರ್ನ್ ಬ್ಲಾಟಿನಲ್ಲಿ ಪ್ರೋಟೀನ್ ಕಂಡರೂ ಬೆಳಕು ಹೋಯಿತು. ಪಿ ಪ್ರೋಟೀನು ಪಿಪಿ1 ಫಾಸ್ಫಟೇಸನ್ನು ಕರೆತಂದು ಎಂ2-1ರ ಫಾಸ್ಫೇಟ್ ತೆಗೆಸುವುದನ್ನು ತಡೆಯಲೆಂದು ಒಕಡಾಯಿಕ್ ಆಮ್ಲ ಹಾಕಿದ್ದು ಮಾತ್ರ ಶುದ್ಧ ದಂಡ, ಕೋಶಗಳೇ ಸತ್ತವು.

ಅಂದು ನಕ್ಕಿದ್ದ ಹಿರಿಯರು ಕಳೆದ ತಿಂಗಳು ಎಲ್ ಪ್ಲಾಸ್ಮಿಡ್ ಕೇಳಿದರು. ಡಿಎನ್‌ಎಯನ್ನೇ ಕೊಟ್ಟೆ, ಗ್ಲಿಸರಾಲಿನಲ್ಲಿ ಹೆಪ್ಪುಗಟ್ಟಿಸಿಟ್ಟ ಬ್ಯಾಕ್ಟೀರಿಯದಿಂದ ಬೆಳೆಸಿದರೆ ಮತ್ತೆ ತುಂಡು ಬೀಳಬಹುದು.